ಗಾಣದೆಣ್ಣೆ ಚೆನ್ನಾಗಿದೆ, ಗಾಣ ಉಳೀಬೇಕು ಅಂತ ಪಂಚಾಯ್ತಿಗೆ ನಿಲ್ತಿದ್ದೀನಿ

ಮೊದ್ಲೇ ಒಂದು ವಿಷ್ಯ ಹೇಳ್ಬಿಡ್ತೀನಿ, ಆಮೇಲೆ ಯಾರೂ ಮುಚ್ಚಿಟ್ಟೆ ಅನ್ಬಾರ್ದು. ನಾನು ನಮ್ಮೂರ ಹೆಂಗಸರು ನಡೆಸೋ ಈ ಕೊಬ್ಬರಿ ಎಣ್ಣೆ ಗಾಣದ ಸಂಘದ ಸದಸ್ಯೆ ಅಲ್ಲ, ದುಡ್ಡು ಕೊಟ್ಟು ಎಣ್ಣೆ ತಗೊಳ್ಳೋ, ನಮ್ಮ ಮನೆ ಕೊಬ್ಬರಿ ಕೊಟ್ಟು ಆಡಿಸ್ಕೊಂಡು ಬರೋ ಗಿರಾಕಿ. ಆದ್ರೆ 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯ್ತಿ ಎಲೆಕ್ಷನ್‌ಗೆ ನಿಂತು 19 ಓಟಲ್ಲಿ ಸೋತಿದ್ದೆ, ಮುಂದಿನ ಎಲೆಕ್ಷನ್ ಯಾವಾಗ ಬಂದ್ರೂ ಮತ್ತೆ ನಿಲ್ತೀನಿ, ನಿಲ್ಲೋಕೆ ದೊಡ್ಡ ಕಾರಣ ಈ ಗಾಣಾನೇ. ಅದಕ್ಕೆ ಈ ರಿವ್ಯೂನಲ್ಲಿ ಎಣ್ಣೆ ಬಗ್ಗೆ ಎಷ್ಟಿರುತ್ತೋ ಪಂಚಾಯ್ತಿ ಬಗ್ಗೇನೂ ಅಷ್ಟೇ ಇರುತ್ತೆ, ಬರೀ ಎಣ್ಣೆ ವಿಷ್ಯ ಬೇಕಿರೋರು ಮುಂದಿನ ಏಳು ಪ್ಯಾರಾ ಓದಿದ್ರೆ ಸಾಕು.

ನಮ್ಮದು ತಿಪಟೂರು ತಾಲ್ಲೂಕು. ತೆಂಗು ಬಿಟ್ರೆ ನಮ್ಗೆ ಬೇರೆ ಬದುಕಿಲ್ಲ. ಬೇರೆ ಕಡೆಯೋರಿಗೆ ಗೊತ್ತಿರಲ್ಲ ಅಂತ ಹೇಳ್ತೀನಿ, ಉಂಡೆ ಕೊಬ್ಬರಿ ಆಗ್ಬೇಕು ಅಂದ್ರೆ ಬಲಿತ ಕಾಯಿನ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಕಾಯ್ಬೇಕು, ಒಳಗಿನ ನೀರು ತಾನಾಗೇ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಕಾಯಿ ಕಿವಿ ಹತ್ರ ಇಟ್ಕೊಂಡು ಅಲ್ಲಾಡಿಸಿದ್ರೆ ಒಳಗೆ ಗುಡುಗುಡು ಅನ್ಬೇಕು, ಆಮೇಲೆ ಸುಲಿಯೋದು, ಚಿಪ್ಪು ಒಡೆಯೋದು, ಚೀಲ ತುಂಬೋದು, ತಿಪಟೂರು ಎಪಿಎಂಸಿಗೆ ಹೊಡಿಯೋದು. ವರ್ಷಗಟ್ಟಲೆ ಅಟ್ಟ ಕಾದಿದ್ದಕ್ಕೆ ಹರಾಜಿನ ದಿನ ಒಂದು ರೇಟ್ ಬರುತ್ತೆ, ನಮ್ಮ ವರ್ಷ ಹೆಂಗಿರುತ್ತೆ ಅಂತ ಅವತ್ತು ತೀರ್ಮಾನ. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ಅಂತ ಇದ್ರೂ ಮಾರ್ಕೆಟ್ಟಲ್ಲಿ 8 ಸಾವಿರದ ಆಸುಪಾಸಿಗೆ ಇಳಿದು ರೈತರು ಬೀದಿಗೆ ಬಂದಿದ್ದು ನೆನಪಿರ್ಬೋದು. ಎರಡೇ ವರ್ಷಕ್ಕೆ, 2025ರಲ್ಲಿ, ಅದೇ ಕೊಬ್ಬರಿ 20 ಸಾವಿರ ದಾಟ್ತು. ಇಳಿದಿದ್ದೂ ನಮ್ಮ ಕೈಲಿರ್ಲಿಲ್ಲ, ಏರಿದ್ದೂ ನಮ್ಮ ಕೈಲಿಲ್ಲ.

ಆ ಬಿದ್ದ ವರ್ಷದಲ್ಲೇ ನಮ್ಮೂರ ಸ್ವಸಹಾಯ ಸಂಘದ ಎಂಟು ಜನ ಅಕ್ಕಂದಿರು ಸೇರಿ ಗಾಣ ಹಾಕಿದ್ದು. ಪಿಎಂಎಫ್‌ಎಂಇ ಅಂತ ಸಣ್ಣ ಆಹಾರ ಘಟಕಗಳಿಗಿದ್ದ ಕೇಂದ್ರದ ಸ್ಕೀಮಲ್ಲಿ 35 ಪರ್ಸೆಂಟು, ಅದ್ರ ಮೇಲೆ ರಾಜ್ಯದ್ದು 15, ಒಟ್ಟು ಅರ್ಧದಷ್ಟು ಸಹಾಯಧನ ಸಿಗ್ತಿತ್ತು, ಉಳಿದದ್ದು ಬ್ಯಾಂಕ್ ಸಾಲ. ಜಾಗ ಪಂಚಾಯ್ತಿ ಆಫೀಸ್ ಹಿಂದಿನ ಶೆಡ್ಡು. ನರೇಗಾದಲ್ಲಿ ಸಂಘದೋರಿಗೆ ಅಂತಾನೇ ಕಟ್ಟಿದ್ದ ಶೆಡ್ ಅದು, ಅಲ್ಲೀವರ್ಗೂ ಬ್ಲೀಚಿಂಗ್ ಪೌಡರ್ ಚೀಲ, ಕೆಟ್ಟ ಬೀದಿ ದೀಪ ಇಡೋಕೆ ಬಳಸ್ತಿದ್ರು.

ಈಗ ಎಣ್ಣೆ. ನಾನು ಎರಡು ವರ್ಷದಿಂದ ಅಡುಗೆಗೂ ತಲೆಗೂ ಇದನ್ನೇ ಬಳಸ್ತಿರೋದು. ಮರದ ಒರಳು, ಮರದ ಒನಕೆ, ಮೋಟ್ರಲ್ಲಿ ನಿಧಾನಕ್ಕೆ ತಿರುಗುತ್ತೆ, ಇಳೀತಿರೋ ಎಣ್ಣೆಗೆ ಬೆರಳು ಹಿಡಿದ್ರೆ ಉಗುರು ಬೆಚ್ಚಗೆ ಅಷ್ಟೆ, ಬಿಸಿ ಅನ್ಸಲ್ಲ. ಮೊದಲು ಬರೋದು ಮಬ್ಬಾಗಿ ಇರುತ್ತೆ, ಹಾಲು ಕಲಸಿದ ಹಾಗೆ, ಅದನ್ನ ದೊಡ್ಡ ಸ್ಟೀಲ್ ಡ್ರಮ್ಮಲ್ಲಿ ಹಾಕಿ ಮೇಲೆ ಬಿಳಿ ಪಂಚೆ ಕಟ್ಟಿ ಎರಡು ಮೂರು ದಿನ ಬಿಸಿಲಿಗೆ ಇಡ್ತಾರೆ, ಗಸಿ ತಳಕ್ಕೆ ಕೂತ್ಮೇಲೆ ಮೇಲಿನ ತಿಳಿ ಮಾತ್ರ ಬಾಟ್ಲಿಗೆ. ಮುಚ್ಚಳ ತೆಗೆದ್ರೆ ಅಟ್ಟದಿಂದ ಆಗ ತಾನೇ ಇಳಿಸಿದ ಕೊಬ್ಬರಿ ವಾಸನೆ. ಸೆಂಟ್ ಹಾಕಿದ ಹಾಗೆ ಜೋರಾಗಿ ಹೊಡಿಯಲ್ಲ. ಡಿಸೆಂಬರ್ ಚಳೀಲಿ ಬೆಳಿಗ್ಗೆ ನೋಡಿದ್ರೆ ಬಾಟ್ಲಿ ಪೂರ್ತಿ ಬೆಳ್ಳಗೆ ಗಟ್ಟಿ ಆಗಿರುತ್ತೆ, ಒಂದೇ ಸಮ ಗಟ್ಟಿ ಆಗುತ್ತೆ, ಮೇಲರ್ಧ ನೀರು ಕೆಳಗರ್ಧ ಗಟ್ಟಿ ಅಂತ ಇಬ್ಭಾಗ ಆಗಿದ್ದನ್ನ ನಾನು ನೋಡಿಲ್ಲ. ಹುರುಳಿಕಾಯಿ ಪಲ್ಯಕ್ಕೆ ಒಗ್ಗರಣೆ ಹಾಕಿದ್ರೆ ಮನೆ ತುಂಬ ಘಮ ಅನ್ನುತ್ತೆ.

ಇದು ಅಡುಗೆಗಾ ತಲೆಗಾ ಅಂತ ಅಂಗಡಿಗೆ ಬರೋರು ದಿನಾ ಕೇಳ್ತಾರೆ. ಕೊಬ್ಬರಿ ಎಣ್ಣೆ ಅಡುಗೆ ಎಣ್ಣೆನಾ ತಲೆ ಎಣ್ಣೆನಾ ಅನ್ನೋ ಜಗಳ ತೆರಿಗೆ ವಿಷ್ಯಕ್ಕೆ ಸುಪ್ರೀಂ ಕೋರ್ಟ್‌ವರ್ಗೂ ಹೋಗಿ, 2024ರ ಡಿಸೆಂಬರ್‌ನಲ್ಲಿ ಚಿಕ್ಕ ಬಾಟ್ಲೀಲಿ ಇದ್ರೂ ಅದು ಅಡುಗೆ ಎಣ್ಣೆಯೇ ಅಂತ ಕೋರ್ಟ್ ಹೇಳ್ತು. ನಮ್ಮ ಅಜ್ಜಿ ಕಾಲದಿಂದ ಒಂದೇ ಡಬ್ಬಿ ಎಣ್ಣೆ ಒಲೆ ಪಕ್ಕಾನೂ ಇರ್ತಿತ್ತು, ಬಾಚಣಿಗೆ ಪಕ್ಕಾನೂ ಇರ್ತಿತ್ತು.

ಆಡಿಸೋ ಸರ್ವೀಸ್ ಬಗ್ಗೆ ಹೇಳ್ಲೇಬೇಕು, ನನಗೆ ಎಣ್ಣೆಗಿಂತ ಇದೇ ಇಷ್ಟ. ನಮ್ಮ ಕೊಬ್ಬರಿ ನಾವೇ ತಗೊಂಡು ಹೋಗಿ, ಮುಂದೆ ನಿಂತು, ನಮ್ಮ ಎಣ್ಣೆ ನಾವೇ ತಗೊಂಡು ಬರ್ಬೋದು. ಕೇಜಿಗೆ 20 ರೂಪಾಯಿ ಕೂಲಿ. 10 ಕೇಜಿ ಹಾಕ್ಸಿದ್ರೆ ನನಗೆ ಹೆಚ್ಚು ಕಮ್ಮಿ 6 ಲೀಟರ್ ಎಣ್ಣೆ, ಮೂರೂವರೆ ಕೇಜಿ ಹಿಂಡಿ ಸಿಗುತ್ತೆ, ಹಿಂಡಿ ನಮ್ಮ ಹಸುಗೆ. ಹತ್ತು ಕೇಜಿಗಿಂತ ಕಮ್ಮಿ ಆದ್ರೆ ಒರಳಲ್ಲಿ ಸರಿಯಾಗಿ ಹಿಡಿಯಲ್ಲ, ಅದಕ್ಕೆ ಚಿಕ್ಕ ಗಂಟು ತರೋರದ್ದು ಇಬ್ಬರು ಮೂವರದ್ದು ಸೇರಿಸಿ ಹಾಕ್ತಾರೆ. ಒಂದ್ಸಲ ನಾನು ಕ್ಯೂನಲ್ಲಿದ್ದಾಗ ಮೇಲಿನ ಕೇರಿ ಅಜ್ಜಿ ಒಬ್ರು ಟವಲ್ಲಲ್ಲಿ ನಾಲ್ಕು ಕೇಜಿ ಗಂಟು ಕಟ್ಕೊಂಡು ಬಂದಿದ್ರು, ಎಂಟು ಮರದ ಕಾಯಿ ಅಂತೆ, ಗಂಡ ಹೋದ್ಮೇಲೆ ಉಳಿದಿರೋದು ಅಷ್ಟೇ ಮರ. ಸೇರಿಸಿ ಹಾಕ್ತೀವಿ ಅಜ್ಜಿ ಅಂದ್ರೆ, "ಬ್ಯಾರೆಯೋರ ಮನೆದ್ರ ಜೊತೆ ಸೇರಿಸ್ಬ್ಯಾಡ ಕಣವ್ವ, ನಮ್ಮ ಮರದ್ದು ನನಗೆ ಬೇಕು" ಅಂತ ಕೂತೇಬಿಟ್ರು. ಗಾಣದ ಅಕ್ಕ ಒಂದು ಮಾತೂ ಆಡ್ದೆ ತಮ್ಮ ಸಂಘದ ಕೊಬ್ಬರಿ ಚೀಲ ಬಿಚ್ಚಿ ಮೊದ್ಲು ಆರು ಕೇಜಿ ಹಾಕಿ ಒರಳು ಹಿಡಿಸಿ, ಆ ಎಣ್ಣೆ ತೆಗೆದಿಟ್ಟು, ಆಮೇಲೆ ಅಜ್ಜಿದು ಹಾಕಿ ಬೇರೆ ಪಾತ್ರೆಲಿ ಹಿಡಿದು ಕೊಟ್ರು. ಒಂದೂವರೆ ಗಂಟೆ ಕೆಲ್ಸಕ್ಕೆ ಸಿಕ್ಕಿದ್ದು 80 ರೂಪಾಯಿ. ಆಗಿಂದ ಶನಿವಾರ ಮಧ್ಯಾಹ್ನ ಚಿಕ್ಕ ಗಂಟಿನೋರಿಗೆ ಅಂತಾನೇ ಇಟ್ಟಿದ್ದಾರೆ.

ಲೆಕ್ಕ ಕೇಳೋರಿಗೆ ಲೆಕ್ಕ. 2023ರಲ್ಲಿ 10 ಕೇಜಿ ಕೊಬ್ಬರಿ ಮಾರಿದ್ರೆ 800 ರೂಪಾಯಿ ಬರ್ತಿತ್ತು. ಅದನ್ನೇ ಆಡಿಸಿ ಆಗಿನ ರೇಟಲ್ಲಿ ಲೀಟರ್ 260ರ ಹಾಗೆ ಮಾರಿದ್ರೆ 1,560, ಹಿಂಡಿ 100, ಕೂಲಿ 200 ಕಳೆದ್ರೂ 1,460 ಕೈಗೆ. ಅದೇ ಕೊಬ್ಬರಿ ಕೇಜಿಗೆ 250 ಇದ್ರೆ 10 ಕೇಜಿಗೆ 2,500, ಆಡಿಸಿ ಲೀಟರ್ 480ಕ್ಕೆ ಮಾರಿದ್ರೆ ಹಿಂಡಿ ಸೇರಿಸಿ ಕೂಲಿ ಕಳೆದು 2,780. ಅಂದ್ರೆ ರೇಟ್ ಏರಿದಾಗ ಗಾಣದಲ್ಲಿ ಸಿಗೋ ಹೆಚ್ಚುವರಿ ಕಮ್ಮಿ ಆಗುತ್ತೆ, ಜನ ಯಾಕೆ ಬೇಕು ಅಂತ ಕೊಬ್ಬರಿನೇ ಮಾರ್ಕೆಟ್ಟಿಗೆ ಹೊಡಿತಾರೆ, ಗಾಣಕ್ಕೆ ಮಾಲು ಬರಲ್ಲ. ಕಳೆದ ವರ್ಷ ಮೂರು ತಿಂಗಳು ಗಾಣ ವಾರಕ್ಕೆ ಎರಡೇ ದಿನ ತಿರುಗಿದ್ದು, ಸಾಲದ ಕಂತು ಎಂಟೂ ಜನ ಮನೆಯಿಂದ ಹಾಕಿ ಕಟ್ಟಿದ್ರು. ರೇಟ್ ಬಿದ್ದಾಗ ಊರನ್ನ ಹಿಡ್ಕೊಳ್ಳೋ ಗಾಣನ ರೇಟ್ ಎದ್ದಾಗ ಊರು ಹಿಡ್ಕೋಬೇಕು, ಇಲ್ಲಾಂದ್ರೆ ಮುಂದಿನ ಸಲ ಬೀಳೋವಾಗ ಗಾಣ ಇರಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿರೋ ಮಾತು ಇದು.

ತಪ್ಪುಗಳೂ ಇವೆ, ಅಕ್ಕಂದಿರ ಮುಖಕ್ಕೇ ಹೇಳಿದ್ದೀನಿ. ಒಂದು, ಆಷಾಢದ ಮೋಡದಲ್ಲಿ ಕೊಬ್ಬರಿ ಸರಿಯಾಗಿ ಒಣಗದೆ ಆಡಿಸಿದ ಒಂದು ಕ್ಯಾನ್ ಎಣ್ಣೆ ಒಂದೇ ತಿಂಗಳಿಗೆ ಕೌಟು ಹೊಡೀತು, ವಾಪಸ್ ತಗೊಂಡು ಹೋದ್ರೆ ಮರುಮಾತಿಲ್ದೆ ಬೇರೆ ಕೊಟ್ರು, ಆದ್ರೆ ಬೆಂಗಳೂರಿಗೆ ಹೋದ ಬಾಟ್ಲಿಗಳನ್ನ ಯಾರು ವಾಪಸ್ ತರ್ತಾರೆ, ಮಳೆಗಾಲದಲ್ಲಿ ಒಣಗಿಸೋಕೆ ಏನಾದ್ರೂ ವ್ಯವಸ್ಥೆ ಮಾಡ್ಲೇಬೇಕು. ಎರಡು, ಹುಚ್ಚೆಳ್ಳು ಆಡಿಸಿದ ಮೇಲೆ ಒರಳು ಸರಿಯಾಗಿ ಒರೆಸ್ದೆ ಕೊಬ್ಬರಿ ಹಾಕಿದ್ರೆ ಮೊದಲ ಅರ್ಧ ಲೀಟರ್ ಕಪ್ಪಗೆ, ಬೇರೆ ವಾಸನೆ, ಈಗ ಸೋಮವಾರದಿಂದ ಬುಧವಾರ ಕೊಬ್ಬರಿ, ಆಮೇಲೆ ಕಡ್ಲೆಕಾಯಿ ಹುಚ್ಚೆಳ್ಳು ಅಂತ ದಿನ ಮಾಡ್ಕೊಂಡಿದ್ದಾರೆ, ಶನಿವಾರ ಬೆಳಿಗ್ಗೆ ಒರಳು ಒರೆಸಿ ಮಧ್ಯಾಹ್ನಕ್ಕೆ ಚಿಕ್ಕ ಗಂಟು. ಮೂರು, ಲೇಬಲ್ ಮೇಲೆ ಆಡಿಸಿದ ತಾರೀಕು ಎಣ್ಣೆ ತಾಗಿ ಅಳಿಸಿ ಹೋಗುತ್ತೆ. ಪ್ಲಾಸ್ಟಿಕ್ ಬಾಟ್ಲಿ ಮುಚ್ಚಳ ಬಸ್ಸಲ್ಲಿ ಸೋರುತ್ತೆ, ನನ್ನ ಎರಡು ಬ್ಯಾಗ್ ಹಾಳಾಗಿದೆ, ನಿಮ್ಮದೇ ಸ್ಟೀಲ್ ಡಬ್ಬಿ ತಗೊಂಡು ಹೋಗಿ, ಲೀಟರಿಗೆ 10 ರೂಪಾಯಿ ಕಮ್ಮಿ ಮಾಡ್ತಾರೆ.

ಇನ್ನು ಪಂಚಾಯ್ತಿ ವಿಷ್ಯ. ಹೋದ ವರ್ಷ ಒಂದಿನ ಅಕ್ಕಂದಿರಿಗೆ ನೋಟಿಸ್ ಬಂತು, ಶೆಡ್ ಖಾಲಿ ಮಾಡಿ, ಹರಾಜು ಹಾಕ್ತೀವಿ ಅಂತ. ಆದಾಯ ಬರ್ಬೇಕು ಅನ್ನೋದು ಅವರ ಮಾತು, ಆ ಮಾತಲ್ಲಿ ಸುಳ್ಳಿಲ್ಲ, ಪಂಚಾಯ್ತಿಗೂ ಸ್ವಂತ ಆದಾಯ ಬೇಕು, ಮನೆ ಕಂದಾಯ ಕಟ್ಟೋರೇ ಕಮ್ಮಿ. ಆದ್ರೆ ಒಂದೂ ವಾರ್ಡ್ ಸಭೆಲಿ ಈ ಮಾತು ಬಂದಿರ್ಲಿಲ್ಲ. ವಾರ್ಡ್ ಸಭೆ ಆರು ತಿಂಗಳಿಗೊಂದ್ಸಲ ಆಗ್ಬೇಕು ಅಂತ ಕಾನೂನಿದೆ, ನಮ್ಮಲ್ಲಿ ಪುಸ್ತಕದಲ್ಲಿ ಆಗಿದೆ, ಊರಲ್ಲಿ ಆಗಿಲ್ಲ, ಸಹಿ ಪುಸ್ತಕ ಮನೆಮನೆಗೆ ಬಂದಿದ್ದನ್ನ ನಾನೇ ನೋಡಿದ್ದೀನಿ. ಹರಾಜು ತೀರ್ಮಾನ ಮಾಡಿದ ಪಂಚಾಯ್ತಿ ಸಭೆಯ ನಡಾವಳಿ ಕಾಪಿ ಕೊಡಿ ಅಂತ ಕೇಳ್ದೆ, ನಾಳೆ ಬನ್ನಿ ನಾಡಿದ್ದು ಬನ್ನಿ ಅಂದ್ರು, ಕೊನೆಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಲ್ಲಿ ಅರ್ಜಿ ಹಾಕ್ದೆ, ಮೂವತ್ತನೇ ದಿನ ಸಂಜೆ ಕೊಟ್ರು. ಅದರಲ್ಲಿ "ಸದರಿ ಶೆಡ್ ಬಳಕೆಯಲ್ಲಿ ಇರುವುದಿಲ್ಲ" ಅಂತ ಬರೆದಿತ್ತು. ಆ ಸಾಲು ಓದ್ತಿರೋವಾಗ ಹಿಂದುಗಡೆ ಗಾಣ ತಿರುಗೋ ಸದ್ದು ನನಗೆ ಕೇಳಿಸ್ತಾ ಇತ್ತು.

ಅವತ್ತೇ ತೀರ್ಮಾನ ಮಾಡಿದ್ದು ಮತ್ತೆ ನಿಲ್ತೀನಿ ಅಂತ. ಆ ಸಭೆಲಿ ಕೂತಿದ್ದ ಒಬ್ಬರಾದ್ರೂ ಎದ್ದು ಸ್ವಾಮಿ, ಅಲ್ಲಿ ಎಂಟು ಜನ ಕೆಲಸ ಮಾಡ್ತಿದ್ದಾರೆ ಅಂತ ಹೇಳಿದ್ರೆ ಆ ಸಾಲು ಬರ್ತಾನೇ ಇರ್ಲಿಲ್ಲ. ನಾಲ್ಕ್ನೂರು ಜನಸಂಖ್ಯೆಗೆ ಒಬ್ಬ ಸದಸ್ಯರು ಅನ್ನೋ ಲೆಕ್ಕದಲ್ಲಿ ಮಾಡಿರೋ ವ್ಯವಸ್ಥೆ ಇದು, ಅಂದ್ರೆ ಪ್ರತಿ ಮನೆಯೋರಿಗೂ ಗೊತ್ತಿರೋ ಒಬ್ರು ಒಳಗಿರ್ಬೇಕು ಅಂತ ತಾನೆ. ಪಾರ್ಟಿ ಚಿಹ್ನೆ ಇಲ್ಲ, 21 ವರ್ಷ ತುಂಬಿ ಓಟರ್ ಲಿಸ್ಟಲ್ಲಿ ಹೆಸರಿದ್ರೆ ನಿಲ್ಬೋದು, ಅರ್ಧ ಸೀಟು ಹೆಂಗಸರಿಗೆ, ಹೋದ ಸಲ ನಾನು ಕಟ್ಟಿದ ಡೆಪಾಸಿಟ್ಟು 100 ರೂಪಾಯಿ. ದುಡ್ಡಿಲ್ದೆ ನಿಲ್ಲೋಕಾಗಲ್ಲ ಅಂತಾರೆ, ನಿಲ್ಬೋದು, ಗೆಲ್ಲೋಕೆ 19 ಓಟು ಕಮ್ಮಿ ಅನ್ನೋವರ್ಗೂ ಹೋಗಿದ್ದೀನಿ.

ಸದಸ್ಯೆ ಆದ್ರೆ ಏನು ಮಾಡೋಕಾಗುತ್ತೆ ಏನು ಆಗಲ್ಲ ಅಂತಾನೂ ಸರಿಯಾಗಿ ಹೇಳ್ತೀನಿ, ಸುಳ್ಳು ಆಸೆ ಹುಟ್ಸೋಕೆ ಇಷ್ಟ ಇಲ್ಲ. ಕೊಬ್ಬರಿ ರೇಟ್ ಪಂಚಾಯ್ತಿ ಕೈಲಿಲ್ಲ, ಬೆಂಬಲ ಬೆಲೆ ದೆಹಲೀಲಿ ತೀರ್ಮಾನ ಆಗೋದು. ಕೇಂದ್ರದಿಂದ ಪಂಚಾಯ್ತಿಗೆ ಬರ್ತಿದ್ದ ಹದಿನೈದನೇ ಹಣಕಾಸು ಆಯೋಗದ ದುಡ್ಡಲ್ಲಿ ನೂರಕ್ಕೆ 60 ರೂಪಾಯಿ ಕುಡಿಯೋ ನೀರು, ನೈರ್ಮಲ್ಯಕ್ಕೆ ಅಂತ ಕಟ್ಟಿಹಾಕಿದ್ರು, ಅದನ್ನ ಗಾಣಕ್ಕೆ ಹಾಕೋಕಾಗಲ್ಲ, ಹಾಕ್ಲೂಬಾರ್ದು, ನಮ್ಮ ಕೆಳಗಿನ ಕೇರಿಗೆ ಇನ್ನೂ ಚರಂಡಿ ಇಲ್ಲ. ಆದ್ರೆ ಊರಿಗೆ ಬಿಟ್ಟಿದ್ದು ಅಂತ ಉಳಿದ 40 ಇತ್ತಲ್ಲ, ಅಂಥ ದುಡ್ಡು ಬಂದಾಗ ಅದಕ್ಕೆ ಏನು ಮಾಡ್ತೀವಿ ಅಂತ ವಾರ್ಡ್ ಸಭೆಲಿ ಕೂತು ಊರೋರು ಹೇಳ್ಬೇಕು, ಅದು ಗ್ರಾಮ ಸಭೆಗೆ ಹೋಗಿ ವರ್ಷದ ಯೋಜನೆಗೆ ಸೇರ್ಬೇಕು. ಶೆಡ್ ಸಂಘಕ್ಕೆ ಇಂತಿಷ್ಟು ವರ್ಷ, ಇಂತಿಷ್ಟು ಬಾಡಿಗೆ ಅಂತ ನಡಾವಳಿ ಮಾಡ್ಬೋದು, ಪುಕ್ಕಟೆ ಯಾರೂ ಕೇಳ್ತಿಲ್ಲ, ಅಕ್ಕಂದಿರು ತಿಂಗಳಿಗೆ 1,500 ಕೊಡ್ತೀವಿ ಅಂತ ಬರೆದುಕೊಟ್ಟಿದ್ದಾರೆ. ಶೆಡ್ ಮುಂದೆ ಒಣಗಿಸೋ ಕಾಂಕ್ರೀಟ್ ಕಣ ಹಾಕ್ಸ್ಬೋದು, ಮೇಲೆ ಪಾರದರ್ಶಕ ಶೀಟು, ಆಷಾಢದ ಕೌಟು ಸಮಸ್ಯೆ ಅಲ್ಲಿಗೆ ಅರ್ಧ ಕಮ್ಮಿ ಆಗುತ್ತೆ. ಸಂತೆ ಸುಂಕದ ಹರಾಜು ಪಂಚಾಯ್ತಿದೇ, ಊರ ಸಂಘಗಳು ತಾವೇ ಮಾಡಿದ ಮಾಲು ಇಟ್ರೆ ಸುಂಕ ಬೇಡ ಅಂತ ಹರಾಜಿನ ಷರತ್ತಲ್ಲೇ ಬರೀಬೋದು. ಇವೆಲ್ಲ ಚಿಕ್ಕ ಕೆಲಸ. ಇಷ್ಟು ಆದ್ರೆ ಊರಲ್ಲಿ ಹುಟ್ಟಿದ ಕಾಸು ಊರಲ್ಲೇ ಇನ್ನೊಂದು ಸುತ್ತು ಹೊಡೆಯುತ್ತೆ. ಗಾಣದ ಕೂಲಿ ದುಡ್ಡಲ್ಲಿ ಒಬ್ಬ ಅಕ್ಕ ಮಗಳ ಕಾಲೇಜು ಫೀಸ್ ಕಟ್ಟಿದ್ರು, ಚಿಪ್ಪು ಇದ್ದಿಲು ಮಾಡೋರಿಗೆ ಹೋಗುತ್ತೆ, ಹಿಂಡಿ ಡೈರಿ ಹಾಲು ಹಾಕೋ ಮನೆಗಳಿಗೆ. ಮೊದ್ಲು ಇದೇ ಕೊಬ್ಬರಿ ಲಾರಿ ಹತ್ತಿ ಹೋಗಿ, ಎಣ್ಣೆ ಆಗಿ, ಪ್ಯಾಕೆಟ್ಟಲ್ಲಿ ನಮ್ಮೂರ ಅಂಗಡಿಗೇ ವಾಪಸ್ ಬರ್ತಿತ್ತು, ನಾವು ದುಡ್ಡು ಕೊಟ್ಟು ತಗೋತಿದ್ವಿ.

ಹರಾಜು ಸದ್ಯಕ್ಕೆ ನಿಂತಿದೆ. 140 ಜನ ಸಹಿ ಹಾಕಿ ಅರ್ಜಿ ಕೊಟ್ವಿ, ಆ ಅಜ್ಜಿ ಹೆಬ್ಬೆಟ್ಟು ಒತ್ತಿದ್ರು. ನಿಂತಿದೆ ಅಷ್ಟೇ, ನಡಾವಳಿ ರದ್ದಾಗಿಲ್ಲ. ಕರೆಂಟ್ ವಿಷ್ಯಾನೂ ಬಾಕಿ ಇದೆ, ಥ್ರೀ ಫೇಸ್ ಇರೋ ಹೊತ್ತಲ್ಲಿ ಮಾತ್ರ ಗಾಣ ತಿರುಗೋದು, ಅದು ಒಂದು ವಾರ ಹಗಲು ಒಂದು ವಾರ ರಾತ್ರಿ ಅಂತ ಬದಲಾಗ್ತಾ ಇರುತ್ತೆ, ರಾತ್ರಿ ಪಾಳಿ ವಾರದಲ್ಲಿ ಇಬ್ಬರು ಅಕ್ಕಂದಿರು ಮಕ್ಕಳನ್ನ ಶೆಡ್ಡಲ್ಲೇ ಮಲಗಿಸ್ಕೊಂಡು ಆಡಿಸ್ತಾರೆ.

ನೀವು ತಿಪಟೂರು, ಅರಸೀಕೆರೆ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯೋರಾದ್ರೆ ನಿಮ್ಮ ಹತ್ರದ ಊರಲ್ಲೂ ಇಂಥ ಒಂದು ಗಾಣ ಇರ್ಬೋದು, ನಮ್ಮೂರಿಗೇ ಬನ್ನಿ ಅಂತ ಹೇಳಲ್ಲ, ಮೊದ್ಲು ಅಲ್ಲಿ ಹೋಗಿ. ಕೊಬ್ಬರಿ ತಗೊಂಡು ಹೋಗೋರು ಎರಡು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ, ಮುರಿದ್ರೆ ಪಟ್ ಅನ್ಬೇಕು, ಬಗ್ಗಬಾರ್ದು. ಕಪ್ಪಾಗಿರೋದು, ಬೂಷ್ಟು ಹಿಡಿದಿರೋದು ಮನೆಲೇ ಆರಿಸಿ ತೆಗೀರಿ, ಒಂದು ಕೌಟು ಹೋಳು ಸಾಕು ಇಡೀ ಕ್ಯಾನ್ ಕೆಡ್ಸೋಕೆ. ಹೋಗೋಕೆ ಮೊದ್ಲು ಫೋನ್ ಮಾಡಿ ಕರೆಂಟ್ ಹಗಲಾ ರಾತ್ರಿನಾ ಅಂತ ಕೇಳ್ಕೊಳ್ಳಿ. ಎಣ್ಣೆಗೆ ಐದಕ್ಕೆ ಐದು, ಆಡಿಸೋ ಸರ್ವೀಸ್‌ಗೂ ಐದು, ಬಾಟ್ಲಿಗೆ ಎರಡು.